ಜಮಖಂಡಿ–ಮುಧೋಳ ಸೀಮೆಯಲ್ಲಿ ಮಾದಕದ್ರವ್ಯಗಳ ವಿಚಾರ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಸಾಹಿತ್ಯಜ್ಞರಿಗೆ ರನ್ನಕವಿಯ ಜನ್ಮಭೂಮಿಯಾಗಿಯೂ, ವರ್ತಕರಿಗೆ ಸೀರೆ ಬೆಲ್ಲಗಳ ನಾಡಾಗಿಯೂ ಚಿರಪರಿಚಿತವಾಗಿರುವುದು. ಇಲ್ಲಿಯ ಅರಸುಮನೆತನಗಳ ವಂಶಾವಳಿಗಳನ್ನೂ ಬಸದಿ ದೇವಾಲಯಗಳ ಶಾಸನಗಳನ್ನೂ ವಿದ್ವಾಂಸರು ಶ್ರಮಪಟ್ಟು ಶೋಧಿಸಿರುವರು. ಆದರೆ ಈ ಸೀಮೆಯ ಜನರು ಏನನ್ನು ಕುಡಿದರು, ಏನನ್ನು ಸೇದಿದರು, ಅದರಿಂದ ಯಾರ ಬೊಕ್ಕಸ ತುಂಬಿತು, ಯಾರ ಮನೆ ಬರಿದಾಯಿತು ಎಂಬ ವಿಚಾರವು ಚರಿತ್ರೆಗೆ ಸೇರಿದುದೇ ಅಲ್ಲವೆಂಬಂತೆ ಬಹುಮಟ್ಟಿಗೆ ಬಿಟ್ಟುಹೋಗಿದೆ. ಅರಸನ ದಾನಕ್ಕೆ ಶಾಸನವುಂಟು. ಕುಡುಕನ ಮನೆಯ ಪಾತ್ರೆ ಮಾರಿಹೋದುದಕ್ಕೆ ಶಾಸನವಿಲ್ಲ. ಆದರೂ ಸಂಸ್ಕೃತದ ವೈದ್ಯಗ್ರಂಥಗಳು, ಅಬಕಾರಿಯ ಕಾಯಿದೆಗಳು, ಮಠಗಳ ಆಚರಣೆ, ಇಂದಿನ ವೈದ್ಯರ ನಿರ್ಣಯ ಇವುಗಳನ್ನು ಒಂದೆಡೆಗೆ ತಂದು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಸರಕಾರಗಳು ಮಾದಕದ್ರವ್ಯವನ್ನು ಸದಾ ಗಡಿಯ ಮತ್ತು ಉತ್ಪನ್ನದ ಪ್ರಶ್ನೆಯಾಗಿ ಕಂಡವು. ವ್ಯಸನವಾದರೋ ಮನುಷ್ಯನ ಧಾತುಗಳಲ್ಲಿ ನೆಲೆಸಿತ್ತು. ಅದನ್ನು ಬಿಡುವುದು ಹೇಗೆಂಬ ಪ್ರಶ್ನೆಯನ್ನು ಕೇಳಿದವರು ಹಿಂದೆ ವೈದ್ಯರು. ಇತ್ತೀಚೆಗೆ ಈ ಸೀಮೆಯಲ್ಲಿಯೇ ಹುಟ್ಟಿದ ಒಬ್ಬ ಸ್ವಾಮಿಗಳು. ಈ ಇಬ್ಬರ ಉತ್ತರಗಳು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿರುವುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಮೊದಲು ಶಬ್ದಗಳನ್ನು ನೋಡತಕ್ಕದ್ದು. ಈಚಲ ಮರದ ರಸವು ಉತ್ತರ ಕರ್ನಾಟಕದಲ್ಲಿ ‘ಸಿಂದಿ’. ಇಳಿಸಿದ ಮದ್ಯವು ‘ಸೆರೆ’, ‘ಸಾರಾಯಿ’. ಸೆರೆಯೆಂದರೆ ಬಂಧನವೂ ಹೌದಾದುದರಿಂದ ಉಪದೇಶಕರು ಈ ಶ್ಲೇಷೆಯನ್ನು ಬಿಡುವುದಿಲ್ಲ. ಆದರೆ ಅದು ಧ್ವನಿಸಾಮ್ಯವೇ ಹೊರತು ನಿರುಕ್ತವಲ್ಲ. ‘ಅಮಲು’, ‘ನಿಶೆ’, ‘ಕೈಫು’, ‘ಅಬಕಾರಿ’ ಇವೆಲ್ಲ ಅರಬೀ ಪಾರಸೀ ಮೂಲದಿಂದ ಬಂದವು. ‘ಅಹಿಫೇನ’ವೆಂಬ ಸಂಸ್ಕೃತ ಶಬ್ದದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಾವಿನ ನೊರೆ ಎಂದು ಅದಕ್ಕೆ ಅರ್ಥ ಹೇಳುವುದುಂಟು. ವಸ್ತುತಃ ಗ್ರೀಕರ ‘ಓಪಿಯೋನ್’ ಎಂಬುದು ಅರಬರಲ್ಲಿ ‘ಅಫ್ಯೂನ್’ ಆಗಿ, ಆ ಹೆಸರೇ ಸಂಸ್ಕೃತದ ಉಡುಗೆಯನ್ನು ತೊಟ್ಟು ಅಹಿಫೇನವಾಯಿತು. ಮರಾಠಿಯ ‘ಅಫೂ’, ಕನ್ನಡದ ‘ಅಫೀಮು’ ಇದರ ದಾಯಾದಿಗಳು. ಚರಕ ಸುಶ್ರುತರಲ್ಲಿ ಈ ದ್ರವ್ಯವು ಇಲ್ಲ. ೧೩-೧೪ನೆಯ ಶತಮಾನದ ಶಾರ್ಙ್ಗಧರಸಂಹಿತೆಯಲ್ಲಿ ಅಹಿಫೇನವೂ ಭಂಗಿಯೂ ‘ವ್ಯವಾಯಿ’ ದ್ರವ್ಯಕ್ಕೆ, ಎಂದರೆ ಜೀರ್ಣವಾಗುವ ಮುನ್ನವೇ ಶರೀರವನ್ನೆಲ್ಲ ವ್ಯಾಪಿಸತಕ್ಕ ದ್ರವ್ಯಕ್ಕೆ, ಉದಾಹರಣೆಗಳಾಗಿ ಬರುತ್ತವೆ. ಬುದ್ಧಿಯನ್ನು ಲೋಪಗೊಳಿಸುವುದು ‘ಮದಕಾರಿ’ ಎಂಬ ಲಕ್ಷಣವೂ ಅಲ್ಲಿಯೇ ಇದ್ದು, ಅದಕ್ಕೆ ಸುರೆಯು ಉದಾಹರಣೆ. ಅಫೀಮಿನ ಗಿಡದ ಬೀಜವೇ ಅಡಿಗೆಮನೆಯ ಗಸಗಸೆ. ಬೀಜದಲ್ಲಿ ಮಾದಕಾಂಶವು ತೀರ ಅತ್ಯಲ್ಪ. ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ ಮಾತ್ರ ಅದು ತುಂಬಿರುವುದು.

‘ವ್ಯಸನ’ವೆಂಬ ಮಾತಿನ ಚರಿತ್ರೆಯೂ ಗಮನಿಸತಕ್ಕದ್ದಾಗಿದೆ. ಮನುವು ರಾಜನಿಗೆ ಬರುವ ಹತ್ತು ಕಾಮಜ ವ್ಯಸನಗಳನ್ನು ಎಣಿಸಿ, ಅವುಗಳಲ್ಲಿ ಪಾನ, ದ್ಯೂತ, ಸ್ತ್ರೀ, ಮೃಗಯೆಗಳನ್ನು ಅತಿ ಕಷ್ಟತರವೆನ್ನುತ್ತಾನೆ. ಕೌಟಿಲ್ಯನಲ್ಲಿ ವ್ಯಸನವೆಂದರೆ ರಾಜ್ಯಕ್ಕೆ ಒದಗುವ ಆಪತ್ತೂ ಹೌದು. ಕನ್ನಡದಲ್ಲಿ ಅದು ದುಃಖವೆಂಬ ಅರ್ಥವನ್ನೂ ತಾಳಿತು. ದುಶ್ಚಟ, ಆಪತ್ತು, ದುಃಖ ಈ ಮೂರೂ ಒಂದೇ ಶಬ್ದದಲ್ಲಿ ಕೂಡಿರುವುದು ಯಾದೃಚ್ಛಿಕವಲ್ಲ. ಕುಡಿಯುವವನ ಚಟವು ಅವನ ಮನೆಯವರ ದುಃಖವಾಗಿ ಪರಿಣಮಿಸುವುದನ್ನು ನುಡಿಯೇ ಕಂಡುಕೊಂಡಿದೆ.

ಈಗ ವೈದ್ಯಶಾಸ್ತ್ರದ ಮಾತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಚಿಕಿತ್ಸೆಯೆಂಬ ಇಡಿಯ ಅಧ್ಯಾಯವೇ ಇದೆ. ಅದು ಮದ್ಯವನ್ನು ಕೇವಲ ನಿಂದಿಸುವ ಗ್ರಂಥಭಾಗವೆಂದು ತಿಳಿದವರು ಅದನ್ನು ಓದಿಲ್ಲ. ಯುಕ್ತಿಯಿಂದ ಸೇವಿಸಿದ ಮದ್ಯಕ್ಕೆ ಅಲ್ಲಿ ಪ್ರಶಂಸೆಯೂ ಉಂಟು. ಆದರೆ ಮದ್ಯದ ಹತ್ತು ಗುಣಗಳನ್ನೂ ಓಜಸ್ಸಿನ ಹತ್ತು ಗುಣಗಳನ್ನೂ ಎದುರುಬದುರಾಗಿ ನಿಲ್ಲಿಸಿ, ಒಂದು ಲಘುವಾದರೆ ಇನ್ನೊಂದು ಗುರು, ಒಂದು ಉಷ್ಣವಾದರೆ ಇನ್ನೊಂದು ಶೀತ, ಒಂದು ತೀಕ್ಷ್ಣವಾದರೆ ಇನ್ನೊಂದು ಮೃದು ಎಂದು ತೋರಿಸಿ, ಮದ್ಯವು ಹೃದಯವನ್ನು ಹೊಕ್ಕು ಓಜಸ್ಸನ್ನು ಕ್ಷೋಭೆಗೊಳಿಸುವ ಕ್ರಮವನ್ನು ವಿವರಿಸಲಾಗಿದೆ. ಮದದ ಮೂರು ಅವಸ್ಥೆಗಳಲ್ಲಿ ಮೊದಲನೆಯದು ಹರ್ಷ, ಎರಡನೆಯದು ತೊದಲು ಮಾತು ಮತ್ತು ಅಸಂಬದ್ಧ ಚೇಷ್ಟೆ; ಮೂರನೆಯದರಲ್ಲಿ ಮನುಷ್ಯನು ಮುರಿದುಬಿದ್ದ ಮರದಂತೆ ಕ್ರಿಯಾಶೂನ್ಯನಾಗುವನು. ಇಂದಿನ ಶಾಸ್ತ್ರವು ಓಜಸ್ಸೆಂಬ ಮಾತನ್ನು ಬಳಸದಿದ್ದರೂ ಅವಸ್ಥೆಗಳ ಕ್ರಮವನ್ನು ಒಪ್ಪುತ್ತದೆ. ಮದ್ಯವು ಮೊದಲು ಮಿದುಳಿನ ಸಂಯಮಶಕ್ತಿಯನ್ನು ಸಡಿಲಿಸುವುದರಿಂದ ಉಲ್ಲಾಸವು ತೋರುತ್ತದೆ. ಪ್ರಮಾಣವು ಏರಿದಂತೆ ನಡೆ ನುಡಿಗಳು ಕೆಡುತ್ತವೆ. ಕಡೆಗೆ ಉಸಿರಾಟವೇ ಕುಂದುತ್ತದೆ. ಬಹುಕಾಲದ ಸೇವನೆಯಿಂದ ಯಕೃತ್ತು ಕೊಬ್ಬಿ, ಬಳಿಕ ಗಡುಸಾಗಿ, ಹೊಟ್ಟೆಯಲ್ಲಿ ನೀರು ತುಂಬುವುದೂ, ನರಗಳು ಕ್ಷೀಣಿಸುವುದೂ, ಸ್ಮೃತಿಯು ಅಳಿಯುವುದೂ ಉಂಟು.

ಇದಕ್ಕಿಂತಲೂ ಮಹತ್ತ್ವದ ಎರಡು ಸ್ಥಳಗಳು ಚರಕನಲ್ಲಿವೆ. ಒಂದು, ಮದಾತ್ಯಯಾಧ್ಯಾಯದಲ್ಲಿಯೇ ಬರುವ ‘ಧ್ವಂಸಕ’ ‘ವಿಕ್ಷಯ’ಗಳೆಂಬ ರೋಗಗಳು. ಮದ್ಯವನ್ನು ಬಿಟ್ಟಿದ್ದವನು ಮತ್ತೆ ಸಹಸಾ ಅತಿಯಾಗಿ ಕುಡಿದರೆ ಇವು ಹುಟ್ಟುತ್ತವೆ. ಆಗ ಅವನು ಶಬ್ದವನ್ನು ಸಹಿಸಲಾರನು, ತಂದ್ರೆಯು ಕವಿಯುವುದು, ವಾಂತಿ ಜ್ವರ ಸಮ್ಮೋಹಗಳು ಬಾಧಿಸುವವು. ಬಿಟ್ಟವನಿಗೆ ಮರಳಿ ತೊಡಗುವುದು ಬಿಡದೆ ಕುಡಿಯುವವನಿಗಿಂತ ಹೆಚ್ಚಿನ ಅಪಾಯವೆಂಬ ಈ ಅವಲೋಕನವು ಅಫೀಮು ಮತ್ತು ಅದರ ಸಂತತಿಯ ವಿಷಯದಲ್ಲಿ ಇನ್ನೂ ಘೋರವಾಗಿ ನಿಜವಾಗಿದೆ. ಅಫೀಮಿನ ಅಭ್ಯಾಸಿಯ ದೇಹವು ದಿನದಿಂದ ದಿನಕ್ಕೆ ಹೆಚ್ಚಿನ ಪ್ರಮಾಣವನ್ನು ತಾಳಿಕೊಳ್ಳಲು ಕಲಿಯುತ್ತದೆ. ಕೆಲವು ವಾರ ಬಿಟ್ಟರೆ ಆ ತಾಳಿಕೆಯು ಹೊರಟುಹೋಗುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡವನು ಉಸಿರು ನಿಂತು ಸಾಯುತ್ತಾನೆ. ಇನ್ನೊಂದು, ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿರುವ ‘ಪಾದಾಂಶಿಕ ಕ್ರಮ’. ಅಭ್ಯಾಸವಾಗಿಹೋದ ಅಹಿತವನ್ನು ಬುದ್ಧಿವಂತನು ಒಮ್ಮೆಲೆ ಬಿಡದೆ ಕಾಲಂಶ ಕಾಲಂಶವಾಗಿ, ನಡುವೆ ಒಂದು, ಎರಡು, ಮೂರು ದಿನಗಳ ಅಂತರವನ್ನಿಟ್ಟು ಬಿಡಬೇಕು, ಹಿತವನ್ನು ಅದೇ ಕ್ರಮದಿಂದ ಹಿಡಿಯಬೇಕು ಎಂಬುದು ಅದರ ತಾತ್ಪರ್ಯ. ಇದಕ್ಕೆ ಮುಂದೆ ಮತ್ತೆ ಬರಬೇಕಾಗುವುದು.

ಪ್ರಕೃತ ಸೀಮೆಗೆ ಬಂದರೆ, ಇಲ್ಲಿಯ ಪ್ರಾಚೀನ ನೀತಿಯು ಬಹುಮಟ್ಟಿಗೆ ಜೈನರದು. ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನು ಮುದುವೊಳಲ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯವನು. ರಬಕವಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು ೧೨ನೆಯ ಶತಮಾನದಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದನು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಮದ್ಯ ಮಾಂಸ ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಗೃಹಸ್ಥನ ಎಂಟು ಮೂಲಗುಣಗಳೆನ್ನುತ್ತದೆ; ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಮದ್ಯವುಂಟು. ಅದೇ ಶತಮಾನದಲ್ಲಿ ಕಲ್ಯಾಣದ ಅರಸು ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮದಿರಾಪಾನವನ್ನು ರಾಜವಿನೋದಗಳಲ್ಲಿ ಒಂದಾಗಿ ವರ್ಣಿಸುವುದನ್ನೂ ಮರೆಯಲಾಗದು. ಒಂದೇ ನಾಡಿನಲ್ಲಿ ಶ್ರಾವಕನಿಗೆ ಮೂಲಪಾಪವಾದುದು ಅರಸನಿಗೆ ಕ್ರೀಡೆಯಾಗಿತ್ತು. ಶರಣರಲ್ಲಿ ಹೆಂಡದ ಮಾರಯ್ಯನ ವಿಷಯವು ಇನ್ನೂ ಸೂಕ್ಷ್ಮವಾದುದು. ‘ಧರ್ಮೇಶ್ವರಲಿಂಗ’ ಅಂಕಿತದ ಅವನ ವಚನಗಳಲ್ಲಿ ಹೆಂಡ ಮಾರುವ ವೃತ್ತಿಯ ಪರಿಭಾಷೆಯೇ ತತ್ತ್ವಬೋಧೆಯ ವಾಹನವಾಗಿದೆ. ಹೀಗೆಯೇ ಶಿಶುನಾಳ ಶರೀಫರಲ್ಲಿ ಗುಡುಗುಡಿಯು ರೂಪಕವಾಗಿ ಬಂದಿದೆ. ಇಂಥ ಪದ್ಯಗಳನ್ನು ಪಾಠ ಹೇಳುವವರು ರೂಪಕವನ್ನು ಆಚಾರಕ್ಕೆ ಪ್ರಮಾಣವೆಂದು ಎಣಿಸಬಾರದು. ಬಹಳ ಕಡೆ ಎಣಿಸಿಯೂ ಇದ್ದಾರೆ. ಭಂಗಿ ಸೇದುವ ಬೈರಾಗಿಯು ತನ್ನ ಚಿಲುಮೆಗೆ ತತ್ತ್ವಪದದ ಆಧಾರವನ್ನು ಹೇಳುವುದು, ಯುದ್ಧವರ್ಣನೆಯನ್ನು ಓದಿ ಕತ್ತಿ ಹಿರಿದಂತೆ.

ಆದಿಲಶಾಹಿಯ ಕಾಲದಲ್ಲಿ ಈ ಸೀಮೆಯು ವಿಜಾಪುರದ ಆಳಿಕೆಗೆ ಒಳಪಟ್ಟಿತ್ತು. ಮುಧೋಳದ ಘೋರ್ಪಡೆಯವರು ಆ ದರಬಾರಿನ ಸರದಾರರು. ಹೊಗೆಸೊಪ್ಪಿನ ಚರಿತ್ರೆಯಲ್ಲಿ ವಿಜಾಪುರಕ್ಕೆ ಒಂದು ವಿಲಕ್ಷಣ ಸ್ಥಾನವಿದೆ. ಇಬ್ರಾಹಿಂ ಆದಿಲಶಾಹನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ತರುವ ಕಾರ್ಯದ ಸಂಬಂಧವಾಗಿ ಅಕ್ಬರನು ವಿಜಾಪುರಕ್ಕೆ ಕಳುಹಿಸಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡನು. ಅಂಥದನ್ನು ಬೇರೆಲ್ಲಿಯೂ ಕಂಡಿರಲಿಲ್ಲವಾದುದರಿಂದ ಸೊಪ್ಪನ್ನೂ ರತ್ನಖಚಿತವಾದ ಕೊಳವೆಯನ್ನೂ ೧೭ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಗ್ರೆಗೆ ಒಯ್ದು ಬಾದಶಹನ ಮುಂದಿಟ್ಟನು. ಬಾದಶಹನು ಒಂದೆರಡು ಬಾರಿ ಸೇದಿದನು, ರಾಜವೈದ್ಯನು ಬೇಡವೆಂದನು, ಪರೀಕ್ಷೆಯಾಗದ ವಸ್ತುವನ್ನು ವೈದ್ಯರು ಒಪ್ಪಲಾರರೆಂದು ವಾದವಾಯಿತು. ಆ ವಾದದಲ್ಲಿ ವೈದ್ಯನು ಸೋತನು. ವರ್ತಕರು ಮಾರಲು ತೊಡಗಿದರು. ೧೬೧೭ರಲ್ಲಿ ಜಹಾಂಗೀರನು ನಿಷೇಧಿಸಿದರೂ ಚಟವು ನಿಲ್ಲಲಿಲ್ಲ. ಪೋರ್ತುಗೀಜರ ಹಡಗಿನಲ್ಲಿ ಬಂದ ಸೊಪ್ಪಿಗೆ ಉತ್ತರ ಹಿಂದೂಸ್ಥಾನದ ದರಬಾರಿನ ಬಾಗಿಲನ್ನು ತೆರೆದುದು ಕನ್ನಡನಾಡಿನ ರಾಜಧಾನಿಯೆಂಬುದು ಹೆಮ್ಮೆಪಡತಕ್ಕ ಸಂಗತಿಯೇನಲ್ಲ. ಅದೇ ಕಾಲಕ್ಕೆ ಸ್ವಲ್ಪ ಮುಂಚೆ, ೧೫೮೩ರಿಂದ ೧೫೮೮ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್ಸ್ಕೋಟೆನ್ನನು ಅಫೀಮಿನ ಅಭ್ಯಾಸಿಯು ಅದನ್ನು ನಿತ್ಯವೂ ತಿನ್ನಲೇಬೇಕು, ತಪ್ಪಿದರೆ ಕ್ಷಯಿಸುವನೆಂದು ಬರೆದಿಟ್ಟಿರುವನು.

ಮದ್ಯದಿಂದ ರಾಜ್ಯಕ್ಕೆ ಉತ್ಪನ್ನವನ್ನು ಎತ್ತುವುದು ಇಂಗ್ಲಿಷರು ತಂದ ಹೊಸ ಯೋಚನೆಯೆಂದು ಕೆಲವರು ಹೇಳುವುದುಂಟು. ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣವನ್ನು ನೋಡಿದವರು ಹಾಗೆ ಹೇಳಲಾರರು. ನಿಯತಸ್ಥಳದಲ್ಲಲ್ಲದೆ ಮಾಡಿ ಮಾರುವವನಿಗೆ ೬೦೦ ಪಣಗಳ ದಂಡ, ಗ್ರಾಮದಿಂದ ಹೊರಗೆ ಸಾಗಿಸದಂತೆ ತಡೆ, ಕೆಲಸಗಾರರು ಕೆಲಸದಲ್ಲಿ ಪ್ರಮಾದಗೊಂಡಾರೆಂಬ ಭಯ, ಪಾನಶಾಲೆಯಲ್ಲಿ ಗೂಢಚಾರರು ಇವೆಲ್ಲ ಅಲ್ಲಿ ಉಂಟು. ಇಂಗ್ಲಿಷರ ಕಾಲದಲ್ಲಿ ಹೊಸದಾದುದು ಅದರ ವಿಸ್ತಾರ ಮತ್ತು ಲೆಕ್ಕ. ೧೮೭೮ರ ಮುಂಬಯಿ ಅಬಕಾರಿ ಕಾಯಿದೆಯು ಮದ್ಯವನ್ನು ಇಳಿಸುವ ಮಾರುವ ಹಕ್ಕನ್ನೆಲ್ಲ ಸರಕಾರದ ಅಪ್ಪಣೆಗೆ ಅಧೀನಗೊಳಿಸಿತು. ಅದೇ ವರ್ಷದ ಅಫೀಮು ಕಾಯಿದೆಯು ಆ ದ್ರವ್ಯಕ್ಕೂ ಹೀಗೆಯೇ ಮಾಡಿತು. ಅಂಗಡಿಯ ಹಕ್ಕು ಲಿಲಾವಿನಲ್ಲಿ ಹೆಚ್ಚು ಕೂಗಿದವನಿಗೆ ಹೋಗುತ್ತಿತ್ತು. ಗುತ್ತೇದಾರನು ಕೂಗಿದ ಹಣವನ್ನು ಕುಡಿಯುವವನಿಂದಲೇ ಹಿಂಪಡೆಯಬೇಕಾದುದರಿಂದ ಕುಡಿತವು ಹೆಚ್ಚುವುದು ಅವನ ಅಗತ್ಯವಾಗಿತ್ತು. ಕಾಯಿದೆಯು ಬಾಯಲ್ಲಿ ಮಿತಿಯನ್ನು ಹೇಳಿ ಕೈಯಲ್ಲಿ ಅತಿಯನ್ನು ಮಾಡಿಸಿತೆಂದರೆ ತಪ್ಪಾಗದು.

ಈ ಸೀಮೆಯಲ್ಲಿ ಮತ್ತೊಂದು ತೊಡಕಿತ್ತು. ೧೯೪೮ರವರೆಗೆ ಇದು ಒಂದೇ ಆಡಳಿತದ ನಾಡಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನ. ಮುಧೋಳವು ಘೋರ್ಪಡೆಯವರದು, ಮಹಾಲಿಂಗಪುರವೂ ಅದಕ್ಕೇ ಸೇರಿದ್ದಿತು. ಬೀಳಗಿಯು ಮೊದಲು ಕಲಾದಗಿಯೆಂದೂ ತರುವಾಯ ವಿಜಾಪುರವೆಂದೂ ಹೆಸರಾದ ಇಂಗ್ಲಿಷ್ ಜಿಲ್ಲೆಯೊಳಗಿತ್ತು. ಎಲ್ಲಕ್ಕಿಂತ ವಿಚಿತ್ರವಾದುದು ಇಂದು ಒಂದೇ ನಗರಸಭೆಯಾಗಿರುವ ರಬಕವಿ-ಬನಹಟ್ಟಿಗಳ ಸ್ಥಿತಿ: ಬನಹಟ್ಟಿಯು ಜಮಖಂಡಿಗೆ, ರಬಕವಿಯು ತೇರದಾಳದೊಡನೆ ಸಾಂಗಲಿಗೆ ಸೇರಿದ್ದವು. ಒಂದು ಊರಿನ ಮಗ್ಗದ ಸದ್ದು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿ ಎರಡು ಸರಕಾರಗಳು! ಸುಂಕದ ದರವೂ ಅಂಗಡಿಯ ನಿಯಮವೂ ಗಡಿಯ ಈಚೆ ಆಚೆ ಬೇರೆಯಾಗಿದ್ದರೆ ಸೆರೆಯು ಅಗ್ಗದ ಕಡೆಯಿಂದ ತುಟ್ಟಿಯ ಕಡೆಗೆ ಹರಿಯುವುದು ನೀರಿನಷ್ಟೇ ಸಹಜ. ದೇಶೀ ಸಂಸ್ಥಾನಗಳು ಚೆದುರಿಬಿದ್ದಿದ್ದ ಮುಂಬಯಿ ಇಲಾಖೆಯಲ್ಲೆಲ್ಲ ಅಬಕಾರಿ ಅಧಿಕಾರಿಗಳ ನಿತ್ಯದ ತಲೆನೋವು ಇದೇ ಆಗಿತ್ತು. ಆದರೆ ಆ ತಲೆನೋವು ತಪ್ಪಿಹೋದ ಸುಂಕದ್ದು, ಕೆಟ್ಟುಹೋದ ಸಂಸಾರದ್ದಲ್ಲ.

ಭಂಗಿ ಗಾಂಜಾಗಳ ವಿಷಯದಲ್ಲಿ ಆ ಸರಕಾರವು ಒಮ್ಮೆ ನಿಜವಾಗಿ ವಿಚಾರಣೆ ಮಾಡಿತೆಂಬುದನ್ನು ಒಪ್ಪಬೇಕು. ೧೮೯೩-೯೪ರ ಸೆಣಬಿನ ಮಾದಕಗಳ ಆಯೋಗವು ದೇಶವನ್ನೆಲ್ಲ ಸುತ್ತಿ ೧,೧೯೩ ಮಂದಿ ಸಾಕ್ಷಿಗಳನ್ನು ವಿಚಾರಿಸಿತು. ಗಾಂಜಾದಿಂದ ಹುಚ್ಚು ಹಿಡಿಯುವುದೆಂಬ ಪ್ರವಾದಕ್ಕೆ ಧಾರವಾಡದ್ದೂ ಸೇರಿದಂತೆ ಹುಚ್ಚರ ಆಸ್ಪತ್ರೆಗಳ ದಾಖಲೆಗಳೇ ಮುಖ್ಯ ಆಧಾರವಾಗಿದ್ದವು. ೧೮೯೨ರಲ್ಲಿ ಸೇರಿದ ೧,೩೪೪ ರೋಗಿಗಳಲ್ಲಿ ೨೨೨ ಮಂದಿಗೆ ಗಾಂಜಾ ಭಂಗಿಗಳೇ ಕಾರಣವೆಂದು ಬರೆದಿತ್ತು. ಆಯೋಗವು ಒಂದೊಂದನ್ನೂ ಪರೀಕ್ಷಿಸಲಾಗಿ, ಆ ‘ಕಾರಣ’ವನ್ನು ಅನೇಕ ಕಡೆ ರೋಗಿಯನ್ನು ಕರೆತಂದ ಪೋಲೀಸಿನವನ ಬಾಯಿಮಾತಿನಿಂದಲೇ ತುಂಬಿದ್ದುದು ಕಂಡುಬಂದು, ೯೮ ಮಾತ್ರ ಉಳಿದವು. ದಾಖಲೆಯನ್ನು ನಂಬುವ ಮುನ್ನ ಅದನ್ನು ಬರೆದವನು ಯಾರೆಂದು ಕೇಳುವ ಈ ರೀತಿಯು ಶಾಸನಶೋಧಕರಿಗೂ ಮೆಚ್ಚಿಗೆಯಾಗತಕ್ಕುದು. ಆದರೆ ಅಷ್ಟರಿಂದ ಗಾಂಜಾ ನಿರಪಾಯವೆಂದು ಸಿದ್ಧವಾಗಲಿಲ್ಲ. ಎಳೆಯ ವಯಸ್ಸಿನಲ್ಲಿ ತೊಡಗಿ ನಿತ್ಯವೂ ಸೇದುವವರಲ್ಲಿ ಚಿತ್ತವಿಭ್ರಮದ ರೋಗಗಳು ಅಧಿಕವೆಂದೂ, ಸ್ಮೃತಿ ಏಕಾಗ್ರತೆಗಳು ಕುಂದುವವೆಂದೂ, ಬಿಟ್ಟಾಗ ನಿದ್ರಾನಾಶವೂ ಕೆರಳುವಿಕೆಯೂ ಬರುವವೆಂದೂ ಇಂದಿನ ಶೋಧನೆಗಳು ತೋರಿಸಿವೆ. ಆಯೋಗವು ನಿಷೇಧವನ್ನು ಬೇಡವೆಂದು ತೆರಿಗೆಯನ್ನು ಬೇಕೆಂದಿತು; ಹೀಗೆ ವಿಚಾರಣೆಯೂ ಕಡೆಗೆ ಬೊಕ್ಕಸದ ಬಾಗಿಲಿಗೇ ಬಂದು ಮುಟ್ಟಿತು. ೧೯೮೫ರ ಮಾದಕದ್ರವ್ಯ ಕಾಯಿದೆಯು ಗಾಂಜಾ ಚರಸ್ಸುಗಳನ್ನು ಅಪರಾಧವಾಗಿಸಿದರೂ ತುದಿಮೊಗ್ಗಿಲ್ಲದ ಬರಿಯ ಎಲೆಯನ್ನು ತನ್ನ ಲಕ್ಷಣದಿಂದ ಹೊರಗಿಟ್ಟಿದೆ.

ಅಫೀಮಿನ ಕಥೆಯಲ್ಲಿ ಕರುಣಾಜನಕವಾದ ಭಾಗವು ಶಿಶುಗಳದು. ತಾಯಂದಿರು ಕೂಲಿಗೆ ಹೋಗುವಾಗ ಮಗುವು ಅಳದೆ ಮಲಗಿರಲೆಂದು ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದುದು ಮುಂಬಯಿಯ ಹತ್ತಿ ಗಿರಣಿಗಳ ಕೂಲಿಕಾರರಲ್ಲಿ ೧೯೨೦ರ ದಶಕದವರೆಗೂ ಪ್ರಸಿದ್ಧವಾಗಿದ್ದಿತು. ಅದರ ಹೆಸರೇ ‘ಬಾಲಗೋಲಿ’. ಹಸಿವೆಯನ್ನು ಅಡಗಿಸುವ, ಉಸಿರನ್ನು ಕುಂದಿಸುವ ದ್ರವ್ಯವನ್ನು ಪ್ರೀತಿಯ ಕೈಯೇ ಕೊಟ್ಟಿತು. ೧೯೪೯ರ ಅಖಿಲ ಭಾರತ ಅಫೀಮು ಪರಿಷತ್ತಿನ ನಿರ್ಣಯದಂತೆ ೧೯೫೯ರ ಮಾರ್ಚ್ ೩೧ರೊಳಗೆ ಔಷಧೇತರ ಬಳಕೆಯನ್ನು ಕೊನೆಗಾಣಿಸಬೇಕೆಂದು ಗೊತ್ತಾಯಿತು. ಅಂಗಡಿಗಳು ಮುಚ್ಚಿದವು. ಆದರೆ ಅಫೀಮಿನಿಂದಲೇ ಹುಟ್ಟುವ ಕೋಡೀನು ಕೆಮ್ಮಿನ ಔಷಧದ ಸೀಸೆಯಲ್ಲಿಯೂ, ಅದರ ವರ್ಗಕ್ಕೆ ಸೇರಿದ ಟ್ರಮಡಾಲು ನೋವಿನ ಗುಳಿಗೆಯಲ್ಲಿಯೂ ಮರಳಿ ಬಂದವು. ೨೦೧೮ರಲ್ಲಿ ಟ್ರಮಡಾಲನ್ನು ಮಾದಕದ್ರವ್ಯ ಕಾಯಿದೆಯೊಳಗೆ ತರಬೇಕಾಯಿತು.

ಸಂಸ್ಥಾನಗಳು ೧೯೪೮ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೪೯ರ ಮುಂಬಯಿ ಪಾನನಿಷೇಧ ಕಾಯಿದೆಯ ಮೇರೆಗೆ ೧೯೫೦ರ ಏಪ್ರಿಲ್ ೬ರಿಂದ ಪ್ರಾಂತದಲ್ಲೆಲ್ಲ ನಿಷೇಧವು ಜಾರಿಗೆ ಬಂದುದರಿಂದ, ನಾಲ್ಕು ಬಗೆಯ ಆಡಳಿತವನ್ನು ಕಂಡಿದ್ದ ಸೀಮೆಯು ಎರಡು ವರ್ಷಗಳಲ್ಲಿ ಒಂದೇ ಕಠಿನ ನಿಯಮದ ಕೆಳಗೆ ನಿಂತಿತು. ಗಡಿಗಳು ಅಳಿದವು, ಚಟವು ಅಳಿಯಲಿಲ್ಲ. ಬೆಲ್ಲದ ನಾಡಿನಲ್ಲಿ ಕಳ್ಳಭಟ್ಟಿಗೆ ಸಾಮಗ್ರಿಯ ಕೊರತೆಯೆಲ್ಲಿಯದು? ಆಸವಾರಿಷ್ಟಗಳೂ ಟಿಂಚರುಗಳೂ ಔಷಧದ ಹೆಸರಿನಿಂದ ಪಾನಕ್ಕೆ ಒದಗಿದವು. ೧೯೫೧ರ ಬಾಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಔಷಧ ಮತ್ತು ಶೃಂಗಾರದ್ರವ್ಯಗಳಿಗೆ ಕಾಯಿದೆಯನ್ನು ಅನ್ವಯಿಸಿದ ಭಾಗವನ್ನು ತೆಗೆದುಹಾಕಿದ ಮೇಲೆ ಔಷಧ ಯಾವುದು ಪಾನ ಯಾವುದೆಂಬ ವಿವೇಚನೆಯು ಸಂಸತ್ತಿನವರೆಗೆ ಹೋಗಿ ೧೯೫೫ರ ಬೇರೊಂದು ಕಾಯಿದೆಗೆ ಕಾರಣವಾಯಿತು. ೧೯೫೬ರ ನವೆಂಬರ್ ೧ರಂದು ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು; ೧೯೬೦ರ ದಶಕದ ಕೊನೆಯ ವರ್ಷಗಳಲ್ಲಿ ನಿಷೇಧವು ಹೊರಟುಹೋಗಿ ಗುತ್ತೇದಾರನು ಮರಳಿದನು. ೧೯೮೧ರಲ್ಲಿ ಬೆಂಗಳೂರ ಸುತ್ತ ಮೆಥನಾಲು ಬೆರೆತ ಮದ್ಯದಿಂದ ಮುನ್ನೂರಕ್ಕೂ ಮಿಕ್ಕಿ ಜನರು ಸತ್ತರು. ಈ ವಿಷವು ದೇಹದಲ್ಲಿ ಇರುವೆಯ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ಕಳೆಯುತ್ತದೆ. ೨೦೦೭ರ ಜುಲೈ ೧ರಿಂದ ಸಾರಾಯಿಯೂ, ೨೦೧೩ರಲ್ಲಿ ಗುಟಖಾವೂ ನಿಷಿದ್ಧವಾದವು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ಸೀಸೆಗೆ ತಿರುಗಿದರು. ರಾಜ್ಯದ ಅಬಕಾರಿ ಉತ್ಪನ್ನವು ೨೦೨೩-೨೪ರಲ್ಲಿ ೩೦,೦೦೦ ಕೋಟಿ ರೂಪಾಯಿಗಳನ್ನು ಮೀರಿತು.

ಇಷ್ಟೆಲ್ಲ ಕಾಯಿದೆಗಳ ನಡುವೆ ಬೇರೊಂದು ಬಗೆಯ ಪ್ರಯತ್ನವು ಈ ನೆಲದಿಂದಲೇ ಮೊಳೆಯಿತು. ಹಳೆಯ ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಡದ ಹಿಪ್ಪರಗಿಯಲ್ಲಿ ೧೯೩೦ರ ಆಗಸ್ಟ್ ೧ರಂದು ಹುಟ್ಟಿ, ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಮಠದ ಪೀಠವನ್ನೇರಿದ ಮಹಾಂತಸ್ವಾಮಿಗಳು ೧೯೭೫ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಜೋಳಿಗೆಯು ಜಂಗಮನ ಲಾಂಛನ. ಮನೆಮನೆಯ ಕಾಳುಕಡಿ ಅದರಲ್ಲಿ ಬೀಳತಕ್ಕದ್ದು ರೂಢಿ. ಸ್ವಾಮಿಗಳು ಓಣಿ ಓಣಿಗೆ ಅದನ್ನು ಹೊತ್ತು ನಡೆದು, ಕಾಳನ್ನು ಬೇಡದೆ ಚಟವನ್ನು ಬೇಡಿದರು. ಕುಡಿಯುವವನು ಸೀಸೆಯನ್ನೂ, ಸೇದುವವನು ಬೀಡಿಯನ್ನೂ, ತಿನ್ನುವವನು ತಂಬಾಕಿನ ಚೀಟಿಯನ್ನೂ ಜೋಳಿಗೆಗೆ ಹಾಕಿ ಇನ್ನು ಮುಟ್ಟೆನೆಂದು ವ್ರತ ತೊಡುತ್ತಿದ್ದನು. ಭಿಕ್ಷೆಯ ಕ್ರಮವು ಇಲ್ಲಿ ತಲೆಕೆಳಗಾದುದು ಸಣ್ಣ ಸಂಗತಿಯಲ್ಲ. ಅಬಕಾರಿಯು ಕುಡುಕನನ್ನು ಗಿರಾಕಿಯಾಗಿಯೂ, ನಿಷೇಧವು ಅವನನ್ನು ಅಪರಾಧಿಯಾಗಿಯೂ ಕಂಡಿದ್ದವು. ಜೋಳಿಗೆಯು ಅವನನ್ನು ದಾನಿಯನ್ನಾಗಿ ಮಾಡಿತು. ನಾಲ್ಕು ಜನರೆದುರು ತಲೆತಗ್ಗಿಸಿ ನಿಲ್ಲುತ್ತಿದ್ದವನು ಗುರುವಿನ ಕೈಗೆ ಏನನ್ನೋ ಕೊಡುವವನಾದನು. ಚಟವನ್ನು ನೀತಿಭ್ರಂಶವೆಂದು ಹಳಿಯುವ ಉಪದೇಶಗಳು ಸಾಧಿಸದಿದ್ದುದನ್ನು ಈ ಗೌರವವು ಅನೇಕರಲ್ಲಿ ಸಾಧಿಸಿತು. ಸ್ವಾಮಿಗಳು ೨೦೧೮ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವಾಗಿ ಗೊತ್ತುಮಾಡಿದೆ. ಅಬಕಾರಿಯ ಬೊಕ್ಕಸವೂ ವ್ಯಸನಮುಕ್ತಿಯ ದಿನಾಚರಣೆಯೂ ಒಂದೇ ಸರಕಾರದವೆಂಬುದನ್ನು ಚರಿತ್ರಕಾರನು ಗುರುತು ಹಾಕಿಕೊಳ್ಳಬೇಕು.

ಆದರೆ ಜೋಳಿಗೆಯ ತ್ಯಾಗವು ಒಮ್ಮೆಲೆ ಆಗತಕ್ಕದ್ದು. ಚರಕನ ತ್ಯಾಗವು ಪಾದಾಂಶಿಕ. ಯಾವುದು ಸರಿ? ಭಕ್ತರು ಶಾಸ್ತ್ರವನ್ನು ಶೈಥಿಲ್ಯವೆಂದೂ, ಪಂಡಿತರು ವ್ರತವನ್ನು ಸಾಹಸವೆಂದೂ ತಳ್ಳಿಹಾಕಿದರೆ ಇಬ್ಬರೂ ತಪ್ಪುವರು. ಇಲ್ಲಿ ದ್ರವ್ಯಭೇದವನ್ನೂ ರೋಗಿಭೇದವನ್ನೂ ನೋಡಬೇಕು. ಹೊಗೆಸೊಪ್ಪನ್ನಾಗಲಿ ಗಾಂಜಾವನ್ನಾಗಲಿ ಒಂದೇ ದಿನ ಬಿಟ್ಟವನಿಗೆ ತಳಮಳವಾದೀತು, ಪ್ರಾಣಾಪಾಯವಾಗದು. ಬಾಯಿಯ ಅರ್ಬುದರೋಗದ ಭಯವಿರುವವನು ತಡಮಾಡದೆ ಬಿಡುವುದೇ ಲೇಸು. ಅಫೀಮನ್ನು ಬಿಟ್ಟವನಿಗೆ ಮೈಕೈನೋವು, ಭೇದಿ, ಬೆವರು, ನಿದ್ರಾಭಂಗಗಳು ದುಸ್ಸಹವಾಗಿರುವವು. ಬೇರೆ ರೋಗವಿಲ್ಲದ ಪ್ರಾಯದವನು ಅದರಿಂದ ಸಾಯುವುದು ವಿರಳ, ಸಾವು ಹೊಂಚುವುದು ಮರಳಿ ತೊಡಗಿದಾಗ. ಬಹುಕಾಲ ಅತಿಯಾಗಿ ಕುಡಿದವನ ಮಾತು ಬೇರೆ. ಅವನು ಥಟ್ಟನೆ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿಯೇ ಕೈನಡುಕ ತೊಡಗಿ, ಒಂದೆರಡು ದಿನಗಳೊಳಗೆ ಸೆಳವು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದುದನ್ನು ಕಾಣುವ ಭ್ರಾಂತಿಯೂ ತೀವ್ರ ಜ್ವರವೂ ಉಂಟಾಗಿ, ಚಿಕಿತ್ಸೆಯಿಲ್ಲದಿದ್ದರೆ ಮರಣವೂ ಸಂಭವಿಸುವುದು. ಅಂಥವನು ಜೋಳಿಗೆಗೆ ಸೀಸೆಯನ್ನು ಹಾಕಿ ನೇರವಾಗಿ ಮನೆಗೆ ಹೋಗತಕ್ಕದ್ದಲ್ಲ, ವೈದ್ಯನಲ್ಲಿಗೆ ಹೋಗತಕ್ಕದ್ದು. ನಡುಕವನ್ನು ದೆವ್ವದ ಕಾಟವೆಂದೋ ವ್ರತಭಂಗದ ಶಾಪವೆಂದೋ ತಿಳಿದು ಮನೆಯವರೇ ಮತ್ತೆ ಕುಡಿಸುವುದೂ ಉಂಟು. ಸಂಕಲ್ಪವು ಚಿತ್ತದ ಕಾರ್ಯ, ಕ್ರಮವು ದೇಹದ ಕಾರ್ಯ. ಚರಕನು ಪಾದಾಂಶಿಕವನ್ನು ಹೇಳುವಾಗಲೂ ಬಿಡತಕ್ಕವನನ್ನು ‘ಧೀಮಂತ’ನೆಂದೇ ಕರೆದಿರುವುದರಿಂದ, ಸಂಕಲ್ಪವು ಮೊದಲೇ ಆಗಿರಬೇಕೆಂಬುದು ಅವನಿಗೂ ಸಮ್ಮತವೆಂದು ಊಹಿಸಬಹುದು.

ಕೇಂದ್ರ ಸರಕಾರವು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೦ರಿಂದ ೭೫ ವಯಸ್ಸಿನವರಲ್ಲಿ ನೂರಕ್ಕೆ ೧೪.೬ ಮಂದಿ ಮದ್ಯವನ್ನೂ, ೨.೮ ಮಂದಿ ಭಂಗಿ ಗಾಂಜಾಗಳನ್ನೂ, ೨.೧ ಮಂದಿ ಅಫೀಮಿನ ವರ್ಗದ ದ್ರವ್ಯಗಳನ್ನೂ ಬಳಸುತ್ತಿದ್ದರು. ಮದ್ಯದಿಂದ ಚಿಕಿತ್ಸೆಗೆ ಅರ್ಹರಾದವರ ಸಂಖ್ಯೆ ಐದು ಕೋಟಿಯನ್ನು ಮೀರಿತ್ತು. ಇವರಿಗೆ ಇಂದಿನ ವೈದ್ಯರು ಮಾಡುವುದು ಏನೆಂಬುದನ್ನು ಗಮನಿಸಿದರೆ ಹಳೆಯ ಗ್ರಂಥಗಳ ಒಂದು ಪಾಠಚರ್ಚೆಯು ನೆನಪಾಗುವುದು. ಸರಿಯಾಗಿ ಬಳಸಿದ ಮದ್ಯದಿಂದಲೇ ಮದಾತ್ಯಯವು ಶಮಿಸುವುದೆಂದು ಚರಕನು ಹೇಳಿದಂತೆ, ಇವರು ಮದ್ಯದ ಸ್ಥಾನದಲ್ಲಿ ಅದಕ್ಕೆ ಸಮಾನವಾದ ಶಮನೌಷಧವನ್ನು ಕೊಟ್ಟು, ಸುಮಾರು ಒಂದು ವಾರದಲ್ಲಿ ದಿನದಿನಕ್ಕೆ ಪ್ರಮಾಣವನ್ನು ಇಳಿಸುತ್ತಾರೆ, ಜೊತೆಗೆ ಕ್ಷಯಿಸಿದ ಜೀವಸತ್ತ್ವವನ್ನು ತುಂಬುತ್ತಾರೆ. ಅಫೀಮಿನ ಅಭ್ಯಾಸಿಗೆ ಬ್ಯುಪ್ರಿನಾರ್ಫಿನನ್ನೋ ಮೆಥಡೋನನ್ನೋ ತಿಂಗಳು ವರ್ಷಗಳವರೆಗೂ ಕೊಡುವುದುಂಟು. ಇಳಿಸುವ ಅಂಶವು ಎಷ್ಟಿರಬೇಕೆಂಬುದರಲ್ಲಿ ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡು ಪಕ್ಷಗಳನ್ನು ಇಟ್ಟಿರುವನು: ಒಂದು ಪಾದದಷ್ಟು, ಅಥವಾ ಪಾದದ ಪಾದದಷ್ಟು, ಎಂದರೆ ನಾಲ್ಕನೆಯ ಒಂದಂಶ ಅಥವಾ ಹದಿನಾರನೆಯ ಒಂದಂಶ. ಬಹುಕಾಲ ಅಭ್ಯಾಸವಾದ ರೋಗಿಗೆ ಎರಡನೆಯ ಪಕ್ಷವೇ ಯುಕ್ತವಾಗಿ ತೋರುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸಿನಲ್ಲಾಗಲಿ ಇಂಥ ರೋಗಿಗೆ ಎಷ್ಟನ್ನು ಎಂದು ಇಳಿಸಬೇಕೆಂಬುದನ್ನು ಹಾಸಿಗೆಯ ಬಳಿ ನಿಂತ ವೈದ್ಯನು ಕೈನಡುಕವನ್ನೂ ನಾಡಿಯನ್ನೂ ನೋಡಿ ದಿನವೂ ನಿಶ್ಚಯಿಸುವನು.